ಎರಿ ಮಣ್ಣಿನ ಹೊನ್ನು

ಶಿರಹಟ್ಟಿ ಕಡೆಯ ಬೆಳ್ಳಟ್ಟಿ ಸೀಮೆಯ ನೆಲಕ್ಕೆ ಎರಡು ಬಣ್ಣ. ಒಂದು ಕಡೆ ಕಪ್ಪು ಎರಿ, ಇನ್ನೊಂದು ಕಡೆ ಕೆಂಪು ಮಸಾರಿ. ಯಾವುದರಲ್ಲಿ ಯಾವ ಬೆಳೆ ಬರುತ್ತದೆಂಬುದು ಇಲ್ಲಿಯ ಎಲ್ಲ ರೈತರಿಗೂ ಗೊತ್ತು. ಹಳೆಯ ನಾಣ್ಯಗಳನ್ನು ಪ್ರೀತಿಸುವವರಿಗೆ ಇನ್ನೊಂದು ಭೇದವೂ ತಿಳಿದಿರುತ್ತದೆ: ಎರಿ ತನ್ನೊಳಗೆ ಬಿದ್ದದ್ದನ್ನು ನುಂಗಿ ಇಟ್ಟುಕೊಳ್ಳುತ್ತದೆ, ಮಸಾರಿ ಮೇಲೆಯೇ ಹಿಡಿದಿದ್ದು ಒಂದು ದಿನ ತೋರಿಸಿಬಿಡುತ್ತದೆ.

ಬೇಸಿಗೆಯಲ್ಲಿ ಎರಿ ಹೊಲ ಬಿರಿಯುವುದನ್ನು ನೋಡಬೇಕು. ಮೊದಲು ಕೂದಲೆಳೆಯಷ್ಟು ಗೆರೆ, ಆಮೇಲೆ ಬೆರಳು ಹೋಗುವಷ್ಟು ಸಂದು, ಏಪ್ರಿಲ್ ಮುಗಿಯುವುದರೊಳಗೆ ಮೊಳದುದ್ದದ ಕೋಲು ಇಳಿಯುವಷ್ಟು ಆಳ. ಯಾರದೋ ಸೊಂಟದ ಗಂಟಿನಿಂದ ಜಾರಿದ ದುಡ್ಡು ಅಂಥ ಬಿರುಕಿಗೆ ಬಿದ್ದರೆ ಅದು ಅಲ್ಲಿಗೆ ಕಣ್ಮರೆ. ಮುಂಗಾರಿ ಮಳೆಗೆ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಹೀಗೆ ವರ್ಷವರ್ಷವೂ ಬಿರಿದು ಉಬ್ಬುವ ಎರಿ ತನ್ನನ್ನು ತಾನೇ ನಿಧಾನವಾಗಿ ಮಗುಚಿಕೊಳ್ಳುತ್ತದೆ. ಕೆಳಗಿನ ಹರಳು ಮೇಲೆ ಬರುತ್ತದೆ, ಮೇಲಿನದು ಕೆಳಗೆ ಹೋಗುತ್ತದೆ. ಅದಕ್ಕೇ ಎರಿ ಹೊಲದಲ್ಲಿ ಆಳ ನೋಡಿ ಕಾಲ ಹೇಳಲಾಗದು. ನೂರು ವರ್ಷದ ದುಡ್ಡು ಕೆಳಗಿರಬಹುದು, ಐನೂರು ವರ್ಷದ್ದು ಕುಂಟಿಯ ಕುಡಕ್ಕೆ ತಗುಲಬಹುದು.

ಪರದೇಶಗಳಲ್ಲಿ ಸಾರ್ವಜನಿಕ ಉದ್ಯಾನಗಳ ಹುಲ್ಲಿನ ಮೇಲೆ ಮೆಟಲ್ ಡಿಟೆಕ್ಟರ್ ಆಡಿಸುತ್ತ ಹಳೆಯ ನಾಣ್ಯ ಹುಡುಕುವ ಹವ್ಯಾಸವಿದೆ. ನಮ್ಮಲ್ಲಿ ಎಲ್ಲರೂ ಕೂಡುವ ಬಯಲೆಂದರೆ ಸಂತೆ ಮೈದಾನ, ತೇರಿನ ಬೀದಿ, ಅಗಸಿ, ಕೆರೆಯ ದಂಡೆ, ಊರು ಜಾಗ ಬದಲಿಸಿದ ಮೇಲೆ ಉಳಿದ ಹಾಳೂರಿನ ದಿಬ್ಬ. ರೊಕ್ಕ ಕೈಯಿಂದ ಕೈಗೆ ದಾಟಿದ ಜಾಗದಲ್ಲಿಯೇ ಕೈಜಾರುವುದೂ ಹೆಚ್ಚು. ಇಲ್ಲಿ ನಾಣ್ಯ ಹುಡುಕುವ ಮೊದಲ ಯಂತ್ರ ಮಳೆ. ಒಂದು ದೊಡ್ಡ ಹೊಡೆತ ಬಿದ್ದು ಹೊಳವಾದ ಮರುದಿನ, ಹಾಳ ದಿಬ್ಬದ ಇಳುಕಲಲ್ಲಿ ಮಣ್ಣು ಕೊಚ್ಚಿ ಹೋಗಿ ಮಣಿ, ಬಳೆಚೂರು, ಮಡಕೆಯ ಚೂರುಗಳ ನಡುವೆ ಒಂದೊಂದು ಸಲ ಹಸಿರುಗಟ್ಟಿದ ಬಿಲ್ಲೆಯೊಂದು ಇಣುಕುತ್ತದೆ. ಹಾಳ ಮಣ್ಣನ್ನು ಗೊಬ್ಬರವೆಂದು ಹೊಲಕ್ಕೆ ಹೇರಿದವರಿಗೂ ಇದು ಹೊಸತಲ್ಲ. ಆ ಮಣ್ಣಿನ ಜೊತೆ ಹಳೆಯ ಊರಿನ ದುಡ್ಡೂ ಹೊಲ ಸೇರಿರುತ್ತದೆ.

ಈ ನೆಲಕ್ಕೆ ಹೊನ್ನಿನ ನಂಟು ನಾಣ್ಯಕ್ಕಿಂತಲೂ ಹಳೆಯದು. ಉತ್ತರಕ್ಕೆ ಕಾಣುವ ಕಪ್ಪತಗುಡ್ಡದ ಹಳ್ಳಗಳ ಮರಳಿನಲ್ಲಿ ಬಂಗಾರದ ಕಣಗಳಿವೆ. ಮಳೆಗಾಲದ ನೆರೆ ಇಳಿದ ಮೇಲೆ ಜಲಗಾರರು ಮರಿಗೆಯಲ್ಲಿ ಮರಳು ಹಾಕಿ ನೀರಿನಲ್ಲಿ ತೂಗಿ, ಹಗುರಾದದ್ದನ್ನು ಹೊರಳಿಸಿ ಚೆಲ್ಲಿ, ತಳದಲ್ಲಿ ಉಳಿದ ಕಪ್ಪು ಮರಳಿನಲ್ಲಿ ಹೊಳೆಯುವ ಹುಡಿಯನ್ನು ಆರಿಸುತ್ತಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಡಂಬಳದ ಈ ಗುಡ್ಡಗಳ ಬಂಗಾರದ ಬಗ್ಗೆ ಬರೆದಾಗ ಸೊರಟೂರಿನ ಹಳ್ಳವನ್ನು ವಿಶೇಷವಾಗಿ ಹೆಸರಿಸಿದ. ಇಲ್ಲಿಯ ಗುಡ್ಡ ಬಂಗಾರ ಕೊಟ್ಟಿತು, ಇಲ್ಲಿಯ ಊರು ಅದಕ್ಕೆ ಮುದ್ರೆ ಒತ್ತಿತು ಎಂದು ನೇರ ದಾರ ಎಳೆಯಲು ಪುರಾವೆ ಬೇಕು. ಆದರೆ ಮುದ್ರೆ ಒತ್ತಿದ ಊರು ಮಾತ್ರ ಹತ್ತಿರವೇ ಇದೆ.

ಅದು ಲಕ್ಕುಂಡಿ, ಶಾಸನಗಳ ಲೊಕ್ಕಿಗುಂಡಿ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಬಸದಿ ಕಟ್ಟಿಸಿದ ಊರು. ಗುಡಿಗಳಿಗೂ ಬಾವಿಗಳಿಗೂ ಹೆಸರಾದ ಇದು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಕಮ್ಮಟದ ಊರೂ ಆಗಿತ್ತು. ಇಲ್ಲಿ ಟಂಕಿಸಿದ ಚಿನ್ನದ ನಾಣ್ಯವೇ ಲೊಕ್ಕಿ ಗದ್ಯಾಣ. ರೋಣದ ಕಡೆಯ ಸೂಡಿಯಲ್ಲಿಯೂ ಕಮ್ಮಟವಿತ್ತು. ದಾನಶಾಸನ ಬರೆಯುವವನು ಇಷ್ಟು ಗದ್ಯಾಣ ಎಂದು ಬರೆದು ಸುಮ್ಮನಾಗದೆ ‘ಲೊಕ್ಕಿ’ ಎಂದೂ ಸೇರಿಸುತ್ತಿದ್ದನೆಂದರೆ, ಆ ಕಮ್ಮಟದ ತೂಕದ ಮೇಲೆ, ಅಲ್ಲಿಯ ಹೊನ್ನಿನ ಬಣ್ಣದ ಮೇಲೆ ಜನ ಇಟ್ಟಿದ್ದ ನಂಬಿಕೆ ಎಂಥದಿರಬೇಕು!

ಆ ಕಾಲದ ಮುದ್ರಾಂಕಿತ ಚಿನ್ನದ ನಾಣ್ಯವನ್ನು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಕಂಡರೂ ಸಾಕು, ಕಣ್ಣು ಕೀಳಲಾಗುವುದಿಲ್ಲ. ಮೂರೂವರೆ ಗ್ರಾಂ ಆಸುಪಾಸಿನ ತೆಳ್ಳನೆಯ ಬಿಲ್ಲೆ. ಇಡೀ ಚಿತ್ರವನ್ನು ಒಂದೇ ಅಚ್ಚಿನಿಂದ ಒತ್ತಿದ್ದಲ್ಲ. ಕಮ್ಮಟಿಗ ಚಿಕ್ಕ ಚಿಕ್ಕ ಉಳಿಮುದ್ರೆಗಳನ್ನು ಒಂದೊಂದಾಗಿ ಇಟ್ಟು ಸುತ್ತಿಗೆಯಿಂದ ಹೊಡೆದಿದ್ದಾನೆ. ನಡುವೆ ಒಂದು ಮುದ್ರೆ, ಸುತ್ತ ಅಂಚಿನಲ್ಲಿ ಉಳಿದವು. ಒಂದರಲ್ಲಿ ಸಿಂಹ, ಒಂದರಲ್ಲಿ ‘ಶ್ರೀ’, ಇನ್ನೊಂದರಲ್ಲಿ ಅರಸನ ಬಿರುದಿನ ತುಣುಕು. 1015ರಿಂದ 1042ರವರೆಗೆ ಆಳಿದ ಜಯಸಿಂಹನ ನಾಣ್ಯಗಳ ಮೇಲೆ ಅವನ ‘ಜಗದೇಕಮಲ್ಲ’ ಬಿರುದಿನ ಅಕ್ಷರಗಳು ಹೀಗೆ ಕೂತಿವೆ. ಅಂಚಿನ ಪ್ರತಿ ಹೊಡೆತಕ್ಕೂ ಬಿಲ್ಲೆ ಒಂದಿಷ್ಟು ಒಳಬಾಗಿ ಕೊನೆಗೆ ಬಟ್ಟಲಿನ ಆಕಾರ ತಾಳಿದೆ. ಹಿಂಬದಿ ಬಹುಮಟ್ಟಿಗೆ ಬೋಳು.

ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದರೆ ಹೊಡೆತಗಳ ಹಿಂದುಮುಂದು ತಿಳಿಯುತ್ತದೆ. ಮೊದಲು ಬಿದ್ದ ಮುದ್ರೆಯ ಅಂಚನ್ನು ಆಮೇಲಿನದು ತುಸು ತಳ್ಳಿರುತ್ತದೆ. ಒಂದು ‘ಶ್ರೀ’ ನೇರವಾಗಿ ಕೂತಿದ್ದರೆ ಇನ್ನೊಂದು ವಾಲಿರುತ್ತದೆ. ಸಾವಿರ ವರ್ಷದ ಹಿಂದೆ ಆ ಕೈ ತುಸು ಅವಸರಪಟ್ಟ ಗಳಿಗೆಯನ್ನು ಚಿನ್ನ ಹಾಗೆಯೇ ಹಿಡಿದಿಟ್ಟಿದೆ. ಅರಸನ ಹೆಸರು ಚರಿತ್ರೆಯ ಪುಸ್ತಕದಲ್ಲಿಯೂ ಸಿಗುತ್ತದೆ, ಕಮ್ಮಟಿಗನ ಕೈ ಸಿಗುವುದು ಇಲ್ಲಿ ಮಾತ್ರ. ನನಗೆ ಈ ನಾಣ್ಯಗಳ ದೊಡ್ಡ ಸುಖ ಅದೇ.

ವಿಜಯನಗರಕ್ಕೆ ಬಂದರೆ ರುಚಿ ಬೇರೆ. ಅಚ್ಚು ಒಂದೇ ಆಯಿತು, ಬಿಲ್ಲೆ ದಪ್ಪಗಾಯಿತು, ಮುದ್ರೆಯ ಬದಲು ಮೂರ್ತಿ ಬಂದಿತು. ಕೃಷ್ಣದೇವರಾಯನ ವರಹದಲ್ಲಿ ಬೆಣ್ಣೆಯ ಮುದ್ದೆ ಹಿಡಿದು ಕುಳಿತ ಬಾಲಕೃಷ್ಣ, ಹಿಂದೆ ದೇವನಾಗರಿಯಲ್ಲಿ ‘ಶ್ರೀ ಪ್ರತಾಪ ಕೃಷ್ಣರಾಯ’. ಅಚ್ಯುತರಾಯನದರಲ್ಲಿ ಕೊಕ್ಕು ಉಗುರುಗಳಲ್ಲಿ ಆನೆಗಳನ್ನೆತ್ತಿದ ಗಂಡಭೇರುಂಡ. ಕಿರುಬೆರಳ ಉಗುರಿನಷ್ಟು ಜಾಗದಲ್ಲಿ ಶಿಲ್ಪಿಯು ಆನೆಗಳನ್ನು ಕೂರಿಸಿದ್ದಾನೆ, ಹಕ್ಕಿಯ ರೆಕ್ಕೆಯ ಬಿಗುವನ್ನೂ ಬಿಟ್ಟಿಲ್ಲ.

1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್ ಅಲ್ಲಿಯ ಚಲಾವಣೆಯ ಲೆಕ್ಕ ಬರೆದಿಟ್ಟಿದ್ದಾನೆ: ವರಹದ ಅರ್ಧ ಪ್ರತಾಪ, ಪ್ರತಾಪದ ಹತ್ತನೆಯ ಪಾಲು ಪಣ, ಪಣದ ಆರನೆಯ ಪಾಲು ಬೆಳ್ಳಿಯ ತಾರ, ತಾರದ ಮೂರನೆಯ ಪಾಲು ತಾಮ್ರದ ಜಿತಲ್. ಇವುಗಳಲ್ಲಿ ನನ್ನ ಮನಸ್ಸು ನಿಲ್ಲುವುದು ಪಣದ ಮೇಲೆ. ಅರ್ಧ ಗ್ರಾಮೂ ತೂಗದ ಈ ಚಿನ್ನದ ಚುಕ್ಕಿ ತೊಗರಿಬೇಳೆಯಷ್ಟಿದೆ. ಅಂಗೈ ಬೆವರಿದ್ದರೆ ಅಂಟಿಕೊಂಡೇ ಉಳಿಯುತ್ತದೆ, ಗಾಳಿ ಬೀಸಿದರೆ ಹಾರೀತೆನಿಸುತ್ತದೆ. ಸಂತೆಯಲ್ಲಿ ಇದನ್ನು ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಂಡ ಬೆರಳುಗಳ ನಯವನ್ನು ಊಹಿಸಿಕೊಳ್ಳಬೇಕು. ಮಣ್ಣಿಗೆ ಜಾರಿದರೆ ಮತ್ತೆ ಸಿಗುವುದು ದೊಡ್ಡ ಪುಣ್ಯ.

ದೂರದ ಹೊನ್ನೂ ಈ ಕಡೆ ಹರಿದು ಬಂದಿದೆ. ಹಾನಗಲ್ಲ ತಾಲೂಕಿನ ಅಕ್ಕಿಆಲೂರಿನಲ್ಲಿ ರೋಮ್ ಮತ್ತು ಬೈಜಾಂಟಿಯಂ ಅರಸರ ಚಿನ್ನದ ನಾಣ್ಯಗಳು ಸಿಕ್ಕಿವೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೋಮಿನ 163 ಬೆಳ್ಳಿ ನಾಣ್ಯಗಳ ಗಂಟು ಹೊರಬಿದ್ದಿತು. ಇನ್ನು ನಮ್ಮ ಹೆಣ್ಣುಮಕ್ಕಳ ಕೊರಳಿನ ಪುತಳಿ ಸರವನ್ನೇ ನೋಡಿ. ಅದರ ಬಿಲ್ಲೆಗಳ ಮೂಲ ವೆನಿಸ್ಸಿನ ಡುಕಾಟ್. 1284ರಲ್ಲಿ ಹುಟ್ಟಿ 1797ರವರೆಗೂ ಹೆಚ್ಚು ಕಡಿಮೆ ಅದೇ ರೂಪದಲ್ಲಿ ಬಂದ ಆ ನಾಣ್ಯದ ಮೇಲೆ ಸಂತ ಮಾರ್ಕನ ಮುಂದೆ ಮೊಣಕಾಲೂರಿದ ವೆನಿಸ್ಸಿನ ಮುಖ್ಯಸ್ಥನಿದ್ದಾನೆ. ಚೊಕ್ಕ ಚಿನ್ನವೆಂದು ನಂಬಿ ಇಲ್ಲಿಯವರು ಅದನ್ನು ಕೊರಳಿಗೇರಿಸಿದರು. ಆಮೇಲೆ ಪತ್ತಾರರು ತಮ್ಮದೇ ಅಚ್ಚಿನಲ್ಲಿ ಪುತಳಿಗಳನ್ನು ತಯಾರಿಸಿದರು. ತಲೆಮಾರು ದಾಟುತ್ತ ಸಂತನ ಮುಖ ಚುಕ್ಕಿಯಾಯಿತು, ಕೈಯ ಧ್ವಜ ಗೆರೆಯಾಯಿತು. ಆದರೂ ಇಬ್ಬರು ಎದುರುಬದುರಾಗಿರುವ ಆ ವಿನ್ಯಾಸ ಹೋಗಿಲ್ಲ.

ಚಿನ್ನದ ಮಾತು ಇಷ್ಟಿದ್ದರೂ ಬೆಳ್ಳಟ್ಟಿ, ಶಿರಹಟ್ಟಿ, ಲಕ್ಷ್ಮೇಶ್ವರದ ಹೊಲಗಳಲ್ಲಿ ಸಾಮಾನ್ಯವಾಗಿ ಕೈಗೆ ಬರುವುದು ತಾಮ್ರ. ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಎರಡೂ ಪಟವರ್ಧನರ ಮನೆತನದವು. ಹಾಗಾಗಿ ಮರಾಠರ ಶಿವರಾಯಿ ಈ ಸೀಮೆಯ ಸಂತೆಗಳಲ್ಲಿ ಬಹುಕಾಲ ಓಡಾಡಿದ ದುಡ್ಡು.

ಶಿವರಾಯಿಯನ್ನು ಚೆಲುವಿನ ನಾಣ್ಯವೆಂದು ಯಾರೂ ಹೊಗಳುವುದಿಲ್ಲ. ನಾನು ಹೊಗಳುತ್ತೇನೆ. ಒಂದನ್ನು ಅಂಗೈಯಲ್ಲಿಟ್ಟು ನೋಡಿ. ದುಂಡಗಿಲ್ಲ, ಚೌಕವೂ ಇಲ್ಲ. ತಾಮ್ರದ ಸರಳನ್ನು ಕತ್ತರಿಸಿ ಬಡಿದ ತುಂಡು ತನಗೆ ತೋಚಿದ ಆಕಾರ ತಾಳಿದೆ. ಒಂದು ಮುಖದಲ್ಲಿ ಮೂರು ಸಾಲು, ‘ಶ್ರೀ’, ‘ರಾಜಾ’, ‘ಶಿವ’. ಇನ್ನೊಂದರಲ್ಲಿ ಎರಡು ಸಾಲು, ‘ಛತ್ರ’, ‘ಪತಿ’. ದೇವನಾಗರಿಯ ಅಕ್ಷರಗಳು ದಪ್ಪ, ನಡುವೆ ಒಂದೊಂದು ಅಡ್ಡಗೆರೆ, ಸುತ್ತ ಚುಕ್ಕಿಗಳ ಬಳೆ. ಅಚ್ಚು ಬಿಲ್ಲೆಗಿಂತ ದೊಡ್ಡದು. ಆದ್ದರಿಂದ ಪೂರ್ತಿ ಬರಹ ಯಾವ ನಾಣ್ಯದಲ್ಲಿಯೂ ಕೂಡುವುದು ಅಪರೂಪ. ಒಂದರಲ್ಲಿ ‘ಶ್ರೀ’ ಹೊರಗೆ ಉಳಿದಿರುತ್ತದೆ, ಇನ್ನೊಂದರಲ್ಲಿ ‘ಪತಿ’ಯ ಗುಣಿಸು ಮಾತ್ರ. ಹತ್ತು ಶಿವರಾಯಿಗಳನ್ನು ಸಾಲಾಗಿ ಇಟ್ಟು, ಒಂದರಲ್ಲಿ ಕಾಣದ್ದನ್ನು ಇನ್ನೊಂದರಿಂದ ತುಂಬಿಕೊಳ್ಳುತ್ತ ಹೋದಾಗ ಕಮ್ಮಟದ ಅಚ್ಚು ನಮ್ಮ ಮನಸ್ಸಿನಲ್ಲಿ ಪೂರ್ಣವಾಗುತ್ತದೆ. ಬಹುಶಃ ಅದನ್ನು ಕೆತ್ತಿದವನ ನಂತರ ಆ ಅಚ್ಚನ್ನು ಇಡಿಯಾಗಿ ಕಂಡವರು ಹೀಗೆ ಕೂಡಿಸಿ ನೋಡಿದವರೇ ಇರಬೇಕು.

ಶಿವರಾಯಿಯ ಪಕ್ಕ ಟಿಪ್ಪುವಿನ ಆನೆಯನ್ನಿಡಿ. ಇದು ಪೂರ್ತಿ ಬೇರೆ ಸ್ವಭಾವ. ದುಂಡನೆಯ ಬಿಲ್ಲೆ, ಚೊಕ್ಕ ಅಚ್ಚು, ಒಂದು ಬದಿಗೆ ತಿರುಗಿ ನಿಂತ ಆನೆ. ಟಿಪ್ಪು ತನ್ನ ತಾಮ್ರದ ಪ್ರತಿ ನಾಣ್ಯಕ್ಕೂ ಒಂದು ಹೆಸರಿಟ್ಟಿದ್ದ, ದುಡ್ಡಿನ ಹೆಸರು ಜೊಹ್ರಾ, ಅಂದರೆ ಶುಕ್ರಗ್ರಹ. ಅರ್ಧಕ್ಕೆ ಬಹರಾಮ್, ಅಂದರೆ ಮಂಗಳ. ಕಾಲಿಗೆ ಅಖ್ತರ್, ನಕ್ಷತ್ರ. ಕಿಸೆಯ ಚಿಲ್ಲರೆಗೆ ಆಕಾಶದ ಹೆಸರುಗಳು! ಧಾರವಾಡದಲ್ಲಿಯೂ ಅವನ ಟಂಕಸಾಲೆ ಇತ್ತು. ನಾಣ್ಯಗಳ ಮೇಲೆ ಆ ಊರಿನ ಹೆಸರು ಖುರ್ಷೇದ್ ಸವಾದ್. ಆನೆಯ ಸೊಂಡಿಲು ಎತ್ತಿದೆಯೋ ಇಳಿದಿದೆಯೋ, ಎಡಕ್ಕೆ ನಡೆದಿದೆಯೋ ಬಲಕ್ಕೋ ಎಂದು ನೋಡುತ್ತ ಕೂತರೆ ಸಂಜೆ ಸರಿದದ್ದು ತಿಳಿಯುವುದಿಲ್ಲ.

ಆಮೇಲೆ ಬಂದದ್ದು ರಾಣಿ ಛಾಪಿನ ಕಾಲ. 1835ರಲ್ಲಿ ಕಂಪನಿ ಸರ್ಕಾರ ಒಂದೇ ತೂಕದ ರೂಪಾಯಿಯನ್ನು ಚಲಾವಣೆಗೆ ತಂದಿತು. ತೂಕ 11.66 ಗ್ರಾಂ, ಅಂದರೆ ಒಂದು ತೊಲೆ, ನೂರಕ್ಕೆ 91.7 ಪಾಲು ಬೆಳ್ಳಿ. ರಾಣಿಯ ಹೆಸರಿನ ಜೊತೆ ‘ಕ್ವೀನ್’ ಎಂದಿದ್ದರೆ ಅದು 1876ರ ಒಳಗಿನದು, ‘ಎಂಪ್ರೆಸ್’ ಎಂದಿದ್ದರೆ 1877ರಿಂದ ಈಚಿನದು. ಈ ರೂಪಾಯಿಯನ್ನು ಆಗಿನವರು ಕಿವಿಯಿಂದಲೂ ಓದುತ್ತಿದ್ದರು. ಅಂಗಡಿಯ ಸಾಹುಕಾರ ಅದನ್ನು ಹೆಬ್ಬೆರಳ ಉಗುರಿನಿಂದ ಚಿಮ್ಮಿ, ಇಲ್ಲವೆ ಕಲ್ಲಿನ ಮೇಲೆ ಬೀಳಿಸಿ ದನಿ ಕೇಳುತ್ತಿದ್ದ. ಒಳ್ಳೆಯ ಬೆಳ್ಳಿ ಎಳೆದ ತಂತಿಯ ಹಾಗೆ ಬಹಳ ಹೊತ್ತು ಮಿಡಿಯುತ್ತದೆ, ಖೋಟಾ ನಾಣ್ಯ ‘ಟಪ್’ ಎಂದು ಸತ್ತುಹೋಗುತ್ತದೆ. 1940ರಲ್ಲಿ ಬೆಳ್ಳಿಯ ಪಾಲು ಅರ್ಧಕ್ಕಿಳಿಯಿತು, 1947ರಲ್ಲಿ ನಿಕಲ್ ಬಂದಿತು. ದೀಪಾವಳಿಯ ಲಕ್ಷ್ಮೀ ಪೂಜೆಗೆ ದೇವರ ಜಗಲಿಯ ಮೇಲೆ ಇವತ್ತಿಗೂ ಕೆಲವು ಮನೆಗಳಲ್ಲಿ ಹಳೆಯ ರೂಪಾಯಿಯೇ ಬೇಕು. “ಇದು ರಾಣಿ ಛಾಪ ಐತಿ ನೋಡವ್ವಾ, ನಮ್ಮ ಅತ್ತಿಯವರ ಕೈಯಾಂದು” ಎಂದು ಮುದುಕಿ ಮೊಮ್ಮಗಳಿಗೆ ತೋರಿಸುವಾಗ ಆ ಬೆಳ್ಳಿಗೆ ಪೇಟೆಯ ದರ ಅಂಟುವುದಿಲ್ಲ.

ಇದೇ ಸಾಲಿನಲ್ಲಿ 1911ರ ಜಾರ್ಜ್ ದೊರೆಯ ರೂಪಾಯಿ ಇದೆ. ದೊರೆಯ ನಿಲುವಂಗಿಯ ಮೇಲಿನ ಪದಕದಲ್ಲಿ ಒಂದು ಪುಟ್ಟ ಆನೆ. ಸೊಂಡಿಲು ಗಿಡ್ಡವಾಗಿ ಕೆತ್ತಿದ್ದರಿಂದ ಅದು ಹಂದಿಯಂತೆ ಕಂಡಿತು. ಜನರ ಮನಸ್ಸು ನೊಂದಿತು, ಸರ್ಕಾರ ನಾಣ್ಯವನ್ನು ಹಿಂತೆಗೆದುಕೊಂಡು ಮರುವರ್ಷ ಆನೆಯನ್ನು ತಿದ್ದಿಸಿತು. 1911 ಮತ್ತು 1912ರ ರೂಪಾಯಿಗಳನ್ನು ಪಕ್ಕಪಕ್ಕ ಇಟ್ಟು ಭೂತಗನ್ನಡಿಯಲ್ಲಿ ಆ ಪುಟ್ಟ ಆನೆಯನ್ನು ಹುಡುಕಬೇಕು. ಸಾಸಿವೆಯಷ್ಟು ಲೋಹದ ಉಬ್ಬು ಇಡೀ ದೇಶದ ಮಾತಾಗಿದ್ದ ಕಾಲ ಕಣ್ಣಿಗೆ ಕಟ್ಟುತ್ತದೆ.

ಮಣ್ಣಿನಿಂದ ಎದ್ದ ನಾಣ್ಯಕ್ಕೆ ಮಣ್ಣು ಕೊಟ್ಟ ಬಣ್ಣವೂ ಒಂದು ಆಭರಣ. ಚಿನ್ನ ಬದಲಾಗುವುದಿಲ್ಲ. ಬೆಳ್ಳಿ ಗಂಧಕದ ಸಂಗದಲ್ಲಿ ಕಪ್ಪಾಗುತ್ತದೆ. ತಾಮ್ರ ಮೊದಲು ಇಟ್ಟಿಗೆಗೆಂಪು, ಅದರ ಮೇಲೆ ಹಸಿರು. ಸುಣ್ಣದ ಹರಳು ಬೆರೆತ ಎರಿ ಮಣ್ಣಿನಲ್ಲಿ ಈ ಹಸಿರು ಕೆಲವೊಮ್ಮೆ ಎಷ್ಟು ನಯವಾಗಿ ಕೂತಿರುತ್ತದೆಂದರೆ ಅಕ್ಷರಗಳು ಅದರೊಳಗಿಂದಲೇ ಮೂಡಿದಂತಿರುತ್ತವೆ. ಇದನ್ನು ಕೊಳೆಯೆಂದು ತಿಳಿದು ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಒಂದು ಗಳಿಗೆಯಲ್ಲಿ ಫಳಫಳ ಹೊಳೆಯುತ್ತದೆ, ಜೊತೆಗೆ ಅಕ್ಷರದ ಅಂಚು, ಉಳಿಯ ಗುರುತು ಎಲ್ಲ ಸವೆದು ಹೋಗುತ್ತವೆ. ದಯವಿಟ್ಟು ತಿಕ್ಕಬೇಡಿ. ಮೆತ್ತನೆಯ ಬ್ರಷ್ಷಿನಿಂದ ಸಡಿಲ ಮಣ್ಣನ್ನಷ್ಟೇ ಕೊಡವಿ, ಒಣಗಿದ ಜಾಗದಲ್ಲಿ ಕಾಗದದಲ್ಲಿ ಸುತ್ತಿಟ್ಟು, ಉಳಿದದ್ದನ್ನು ತಿಳಿದವರಿಗೆ ಬಿಡುವುದೇ ಅದಕ್ಕೆ ಮಾಡುವ ಉಪಕಾರ.

ಇನ್ನು ಯಂತ್ರದ ಮಾತು. ಮೆಟಲ್ ಡಿಟೆಕ್ಟರಿನ ತುದಿಯ ಬಳೆಯೊಳಗೆ ತಂತಿಯ ಸುರುಳಿ ಇರುತ್ತದೆ. ಅದರಲ್ಲಿ ಹರಿಯುವ ವಿದ್ಯುತ್ತು ಒಂದೇ ಸಮನೆ ಏರಿಳಿದು ಮಣ್ಣಿನೊಳಗೆ ಕಾಂತಕ್ಷೇತ್ರವನ್ನು ಅಲುಗಿಸುತ್ತದೆ. ಅಲ್ಲಿ ಲೋಹವಿದ್ದರೆ ಅದರ ಮೈಯಲ್ಲಿ ಚಿಕ್ಕ ವಿದ್ಯುತ್ ಸುಳಿಗಳೆದ್ದು ತಮ್ಮದೇ ಕಾಂತಕ್ಷೇತ್ರವನ್ನು ಮರಳಿ ಕಳಿಸುತ್ತವೆ. ಯಂತ್ರ ಆ ಮಾರುತ್ತರವನ್ನು ದನಿಯಾಗಿಸುತ್ತದೆ. ತಾಮ್ರ, ಬೆಳ್ಳಿಗೆ ಸ್ಪಷ್ಟವಾದ ದನಿ. ಬೇಳೆಯಷ್ಟು ಪಣಕ್ಕೆ ಕ್ಷೀಣವಾದ ದನಿ, ಕೆಲವೊಮ್ಮೆ ಅದೂ ಇಲ್ಲ. ಕಬ್ಬಿಣದ ಅದಿರು ಬೆರೆತ ಕಪ್ಪತಗುಡ್ಡದ ನೆಲದಲ್ಲಿ ಮಣ್ಣೇ ಮಾತಾಡಿ ಯಂತ್ರದ ಕಿವಿ ಗೊಂದಲಕ್ಕೆ ಬೀಳುತ್ತದೆ. ತುಂಗಭದ್ರೆಯಂಥ ಹೊಳೆಗಳ ಸೇತುವೆಯ ಕೆಳಗೆ ಹಗ್ಗಕ್ಕೆ ಅಯಸ್ಕಾಂತ ಕಟ್ಟಿ ಎಸೆದು, ಭಕ್ತರು ಹಾಕಿದ ಚಿಲ್ಲರೆ ಎತ್ತುವ ಹುಡುಗರದು ಇನ್ನೂ ಸರಳವಾದ ವಿದ್ಯೆ. ಈಗಿನ ಉಕ್ಕಿನ ನಾಣ್ಯ ಅದಕ್ಕೆ ಅಂಟುತ್ತದೆ. ಚಿನ್ನ, ಬೆಳ್ಳಿ, ತಾಮ್ರ ಅದರ ಕರೆಗೆ ಓಗೊಡುವುದಿಲ್ಲ.

ಇಂಗ್ಲೆಂಡಿನಲ್ಲಿ ಈ ಹವ್ಯಾಸಿಗಳು ತಮಗೆ ಸಿಕ್ಕದ್ದನ್ನು ದಾಖಲಿಸುವ ಸರ್ಕಾರಿ ವ್ಯವಸ್ಥೆ 1997ರಿಂದ ನಡೆದಿದೆ. 2010ರಲ್ಲಿ ಫ್ರೋಮ್ ಊರಿನ ಹತ್ತಿರದ ಹೊಲವೊಂದರಲ್ಲಿ ಡೇವ್ ಕ್ರಿಸ್ಪ್ ಎಂಬ ಹವ್ಯಾಸಿಗೆ ರೋಮನ್ ನಾಣ್ಯ ತುಂಬಿದ ಗಡಿಗೆಯ ಸುಳಿವು ಸಿಕ್ಕಿತು. ಒಳಗಿದ್ದದ್ದು 52,503 ನಾಣ್ಯ. ಅವನ ದೊಡ್ಡತನವೆಂದರೆ ಗಡಿಗೆ ಕಂಡೊಡನೆ ಅಗೆಯುವುದನ್ನು ನಿಲ್ಲಿಸಿ ಪುರಾತತ್ವಜ್ಞರನ್ನು ಕರೆದದ್ದು. ಅವರು ಪದರ ಪದರವಾಗಿ ಬಿಡಿಸಿದ್ದರಿಂದ ಯಾವ ನಾಣ್ಯ ಗಡಿಗೆಯ ಯಾವ ಭಾಗದಲ್ಲಿತ್ತೆಂಬುದು ತಿಳಿಯಿತು. ಗೋಣಿಚೀಲಕ್ಕೆ ಸುರಿದುಕೊಂಡು ಹೋಗಿದ್ದರೆ ನಾಣ್ಯಗಳು ಉಳಿಯುತ್ತಿದ್ದವು, ಅವುಗಳ ಕತೆ ಉಳಿಯುತ್ತಿರಲಿಲ್ಲ.

ನಮ್ಮ ಕಾನೂನು ಇನ್ನೂ ಬಿಗಿ. ರಕ್ಷಿತ ಸ್ಮಾರಕಗಳ ಆವರಣದಲ್ಲಿ ಅಗೆಯುವಂತಿಲ್ಲ. 1878ರ ನಿಧಿ ಕಾಯ್ದೆಯೇ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ನೆಲದಲ್ಲಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಹೇಳಿತ್ತು. ಈ ಬಿಗಿ ನನಗೆ ಸರಿಯೆನಿಸುತ್ತದೆ. ನಿಧಿಯಾಸೆಗೆ ಗುಡಿಯ ಗರ್ಭಗೃಹ ಅಗೆದವರು, ಬಸವಣ್ಣನ ಕೆಳಗೆ ತೋಡಿದವರು ನಮ್ಮ ಸೀಮೆಗೆ ಮಾಡಿದ ಗಾಯ ಇನ್ನೂ ಮಾಯ್ದಿಲ್ಲ. ಅವರಿಗೆ ಬೇಕಾದದ್ದು ಲೋಹದ ತೂಕ. ನಾಣ್ಯದ ರಸ ತೂಕದಲ್ಲಿಲ್ಲ. ಅದು ಅಚ್ಚಿನಲ್ಲಿದೆ, ಸವಕಳಿಯಲ್ಲಿದೆ, ಎಲ್ಲಕ್ಕಿಂತ ಮಿಗಿಲಾಗಿ ಸಿಕ್ಕ ಜಾಗದಲ್ಲಿದೆ. ಲೊಕ್ಕಿ ಗದ್ಯಾಣ ಲಕ್ಕುಂಡಿಯಲ್ಲಿಯೇ ಸಿಕ್ಕರೆ ಕಮ್ಮಟದ ಮಾತಾಗುತ್ತದೆ, ದೂರದ ಊರಿನಲ್ಲಿ ಸಿಕ್ಕರೆ ವ್ಯಾಪಾರದ ದಾರಿಯ ಮಾತಾಗುತ್ತದೆ. ಎಲ್ಲಿಯದೆಂದು ಹೇಳಲಾಗದೆ ಪೇಟೆ ಸೇರಿದರೆ ಕರಗಿಸಬಹುದಾದ ಹಳದಿ ಲೋಹವಾಗಿ ಉಳಿಯುತ್ತದೆ.

ಆದ್ದರಿಂದ ಉಳುವಾಗ, ಪಾಯ ತೋಡುವಾಗ, ಮಳೆಯ ಮರುದಿನ ಬದುವಿನ ಮೇಲೆ ನಡೆಯುವಾಗ ನಾಣ್ಯವೊಂದು ಕಣ್ಣಿಗೆ ಬಿದ್ದರೆ ಊರಿನ ಹೆಸರು, ಹೊಲದ ಹೆಸರು, ಸರ್ವೆ ನಂಬರು, ಎಷ್ಟು ಆಳ, ಪಕ್ಕದಲ್ಲಿ ಮಡಕೆಯ ಚೂರಿತ್ತೋ ಬೂದಿಯಿತ್ತೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆಯಿರಿ. ಎರಡೂ ಮುಖದ ಫೋಟೋ ತೆಗೆಯಿರಿ. ತಹಶೀಲ್ದಾರರಿಗೆ, ಪುರಾತತ್ವ ಇಲಾಖೆಗೆ ತಿಳಿಸಿ, ರಸೀದಿ ಪಡೆದು ಒಪ್ಪಿಸಿ. ಒಪ್ಪಿಸುವ ಮುಂಚೆ ಮಕ್ಕಳನ್ನು ಕೂರಿಸಿಕೊಂಡು ಓರೆ ಬೆಳಕಿನಲ್ಲಿ ಮನದಣಿಯೆ ನೋಡಿ. ನೋಡಿದ ಸುಖವನ್ನು ಯಾವ ಇಲಾಖೆಯೂ ಮರಳಿ ಕೇಳುವುದಿಲ್ಲ. ಬೆಳ್ಳಟ್ಟಿಯ ಹೊಲದ ಒಂದು ಶಿವರಾಯಿಗೆ ಪೇಟೆಯಲ್ಲಿ ಹೆಚ್ಚು ಬೆಲೆ ಬರಲಿಕ್ಕಿಲ್ಲ. ಅದರ ಚೀಟಿಯಲ್ಲಿ ಬೆಳ್ಳಟ್ಟಿಯ ಹೆಸರು ಉಳಿದರೆ ಮಾತ್ರ, ಈ ಸೀಮೆಯ ಸಂತೆಗಳಲ್ಲಿ ಯಾರ ದುಡ್ಡು ಎಲ್ಲಿಯವರೆಗೆ ನಡೆಯಿತೆಂದು ಬರೆಯುವವರಿಗೆ ಆ ತಾಮ್ರದ ತುಂಡು ಒಂದು ಸಾಲು ಕೊಡುತ್ತದೆ. ನಮ್ಮ ಊರುಗಳ ಬಗ್ಗೆ ಅಂಥ ಸಾಲುಗಳು ಇನ್ನೂ ಬಹಳ ಬೇಕಾಗಿವೆ.